ಸಣ್ಣ ಉಳಿತಾಯಕ್ಕೂ ಹೊರದೇಶದ ಷೇರಿನ ದಾರಿ ತೆರೆಯಲಿ

ಕೈವಾರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ ಸೀಮೆಯ ಎಷ್ಟೋ ಮನೆಗಳಲ್ಲಿ ರೇಷ್ಮೆಗೂಡು, ಟೊಮೆಟೊ, ಹಾಲು ಮಾರಿದ ಹಣ ಹಿರಿಯರ ಖಾತೆಯಲ್ಲಿದ್ದರೆ, ಬೆಂಗಳೂರಿನಲ್ಲಿ ದುಡಿಯುವ ಮಗನಿಗೋ ಮಗಳಿಗೋ ಸಂಬಳದ ಒಂದು ಪಾಲಾಗಿ ಅಮೆರಿಕದ ಮಾತೃಸಂಸ್ಥೆಯ ಷೇರುಗಳು ಬರುತ್ತಿವೆ. ಹೊರದೇಶದ ಷೇರು ಹೀಗೆ ಮನೆಮಾತಾಗಿರುವಾಗ, ಅದಕ್ಕೆ ಇಲ್ಲಿಂದ ಹಣ ಕಳುಹಿಸಲು ದೇಶ ವಿಧಿಸಿರುವ ಮಿತಿ ಯಾರಿಗೆ ಬಿಗಿ, ಯಾರಿಗೆ ಸಡಿಲ ಎಂಬುದನ್ನು ಈ ಭಾಗದ ನಾಗರಿಕರು ಅರಿತು, ಅದರಲ್ಲಿರುವ ಒಂದು ಅನ್ಯಾಯದ ತಿದ್ದುಪಡಿಗೆ ದನಿಯೆತ್ತಬೇಕೆಂಬುದು ಈ ಮನವಿಯ ಉದ್ದೇಶ.

ಕಂಪನಿಯ ಆಡಳಿತದಲ್ಲಿ ಕೈಹಾಕದೆ, ಲಾಭಾಂಶ ಮತ್ತು ಬೆಲೆಯೇರಿಕೆಯ ಸಲುವಾಗಿ ಮಾತ್ರ ಷೇರು ಕೊಳ್ಳುವುದನ್ನು ಪೋರ್ಟ್‌ಫೋಲಿಯೊ ಹೂಡಿಕೆ ಎನ್ನುತ್ತಾರೆ. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, ಅಂದರೆ ಫೆರಾ ಇದ್ದಾಗ, ಸಾಮಾನ್ಯ ನಾಗರಿಕನಿಗೆ ಇಂಥ ಹೂಡಿಕೆ ಬಹುಮಟ್ಟಿಗೆ ನಿಷಿದ್ಧವೇ ಆಗಿತ್ತು. 1991ರಲ್ಲಿ ಆಮದಿನ ಬಾಕಿ ತೀರಿಸಲು ಚಿನ್ನವನ್ನು ಅಡವಿಡಬೇಕಾಗಿ ಬಂದ ದೇಶ ಡಾಲರನ್ನು ಅಷ್ಟು ಬಿಗಿಯಾಗಿ ಹಿಡಿದಿಟ್ಟದ್ದರಲ್ಲಿ ಅರ್ಥವಿರಲಿಲ್ಲ ಎನ್ನಲಾಗದು. ಫೆರಾದ ಜಾಗಕ್ಕೆ ಬಂದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, 2000ದ ಜೂನ್‌ನಲ್ಲಿ ಜಾರಿಯಾಗಿ, ಕ್ರಿಮಿನಲ್ ಅಪರಾಧವಾಗಿದ್ದ ಉಲ್ಲಂಘನೆಯನ್ನು ದಂಡ ತೆತ್ತು ಮುಗಿಸಬಹುದಾದ ನಿಯಮಭಂಗವನ್ನಾಗಿಸಿತು. ನಿವಾಸಿಗಳು ಪೂರ್ವಾನುಮತಿಯಿಲ್ಲದೆ ಹಣ ಕಳುಹಿಸಬಹುದಾದ ಉದಾರೀಕೃತ ರವಾನೆ ಯೋಜನೆ 2004ರ ಫೆಬ್ರವರಿಯಲ್ಲಿ ವರ್ಷಕ್ಕೆ 25,000 ಡಾಲರ್ ಮಿತಿಯೊಂದಿಗೆ ಆರಂಭವಾಯಿತು; 2007ರ ಹೊತ್ತಿಗೆ ಮಿತಿ 2 ಲಕ್ಷಕ್ಕೇರಿ, ರೂಪಾಯಿ ಕುಸಿಯುತ್ತಿದ್ದ 2013ರ ಆಗಸ್ಟ್‌ನಲ್ಲಿ ಒಮ್ಮೆಲೇ 75,000ಕ್ಕೆ ಇಳಿದು, 2015ರಲ್ಲಿ 2.5 ಲಕ್ಷಕ್ಕೆ ತಲುಪಿತು. ಕೆರೆಯ ನೀರು ನೋಡಿಕೊಂಡು ತೂಬು ಎತ್ತಿ ಇಳಿಸುವ ನೀರಗಂಟಿಯ ಲೆಕ್ಕಾಚಾರವಿದು. ಇಷ್ಟರ ಮಟ್ಟಿಗೆ ರಿಸರ್ವ್ ಬ್ಯಾಂಕಿನ ನಡೆಯನ್ನು ಆಕ್ಷೇಪಿಸಲು ಕಾರಣವಿಲ್ಲ.

ಆಕ್ಷೇಪ ಇರುವುದು ಇನ್ನೊಂದು ದಾರಿಯ ಬಗ್ಗೆ. ತಿಂಗಳಿಗೆ ಐನೂರು, ಸಾವಿರ ರೂಪಾಯಿ ಉಳಿಸುವವರು ನೇರವಾಗಿ ಡಾಲರ್ ಕಳುಹಿಸುವುದಿಲ್ಲ. ಮ್ಯೂಚುವಲ್ ಫಂಡ್‌ಗೆ ರೂಪಾಯಿಯಲ್ಲಿ ಕಟ್ಟುತ್ತಾರೆ, ಹೊರದೇಶದ ಷೇರನ್ನು ಫಂಡ್ ಕೊಳ್ಳುತ್ತದೆ. ಇಂಥ ಎಲ್ಲ ಫಂಡ್‌ಗಳು ಸೇರಿ ಹೊರಗೆ ಹೂಡಬಹುದಾದ ಮೊತ್ತಕ್ಕೆ 2008ರಲ್ಲಿ ಗೊತ್ತುಮಾಡಿದ 700 ಕೋಟಿ ಡಾಲರ್ ಮಿತಿ ಆಮೇಲೆ ಬಹುಕಾಲ ಹಾಗೆಯೇ ಉಳಿಯಿತು. ಆಗ ಸುಮಾರು 30,000 ಕೋಟಿ ಡಾಲರ್ ಇದ್ದ ವಿದೇಶಿ ವಿನಿಮಯ ಸಂಗ್ರಹ ಮುಂದೆ 60,000 ಕೋಟಿಯನ್ನು ದಾಟಿದರೂ ಮಿತಿ ಅಲುಗಲಿಲ್ಲ. ಅದು ಭರ್ತಿಯಾಗುತ್ತಾ ಬಂದಾಗ, 2022ರ ಆರಂಭದಲ್ಲಿ, ಇಂಥ ಯೋಜನೆಗಳು ಹೊಸ ಹಣ ಹೂಡುವುದನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಲ್ಲಿಸಿತು. ಅದೇ ವರ್ಷದ ಜೂನ್‌ನಲ್ಲಿ, ಹಳೆಯ ಹೂಡಿಕೆದಾರರು ಹೊರಬಿದ್ದಾಗ ತೆರವಾಗುವ ಜಾಗದಷ್ಟು ಮಾತ್ರ ಹೂಡಲು ಅವಕಾಶ ಕೊಟ್ಟಿತು. ಅತ್ತ ನೇರ ರವಾನೆಯ ಯೋಜನೆಯಲ್ಲಿ ಮನೆಯ ಒಬ್ಬೊಬ್ಬ ಸದಸ್ಯನೂ ವರ್ಷಕ್ಕೆ 2.5 ಲಕ್ಷ ಡಾಲರ್, ಎಂದರೆ ಎರಡು ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಕಳುಹಿಸಬಹುದು. ಕೋಟಿ ಇದ್ದವರಿಗೆ ಹೆದ್ದಾರಿ ಬಿಟ್ಟು ಸಾವಿರ ಉಳಿಸುವವರ ಕಾಲುದಾರಿಗೆ ಬೇಲಿ ಹಾಕುವುದು ರೂಪಾಯಿಯ ರಕ್ಷಣೆ ಎನಿಸಿಕೊಳ್ಳುವುದಿಲ್ಲ. ಗಡಿಯಲ್ಲಿ ಬದಲಾಗುವ ನಿಯಮ ಮನೆಬಾಗಿಲಿಗೆ ಹೇಗೆ ಬರುತ್ತದೆಂಬುದನ್ನು ಈ ಸೀಮೆಗೆ ಬಿಡಿಸಿ ಹೇಳಬೇಕಿಲ್ಲ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದದ್ದನ್ನು ಗೂಡು ಬೆಳೆಯುವವರು ಮರೆತಿಲ್ಲ.

ಸರಿಯಾದ ದಾರಿ ಕಿರಿದಾದಷ್ಟೂ ಅಡ್ಡದಾರಿಯ ವ್ಯಾಪಾರ ಕುದುರುತ್ತದೆ. ವಿದೇಶಿ ಷೇರು, ಡಾಲರ್ ವಹಿವಾಟು ಎಂದು ಮೊಬೈಲಿನಲ್ಲಿ ಲಿಂಕ್ ಕಳುಹಿಸಿ, ಯಾರದೋ ಖಾತೆಗೆ ಯುಪಿಐ ಮೂಲಕ ಹಣ ಹಾಕಿಸಿಕೊಳ್ಳುವವರ ಮಾತನ್ನು ಯಾರೂ ನಂಬಬಾರದೆಂದು ವಿನಂತಿ. ಕಾನೂನಿನ ದಾರಿ ಗುರುತಿಸುವುದು ಕಷ್ಟವಲ್ಲ: ನೇರ ರವಾನೆಯಾದರೆ ಬ್ಯಾಂಕಿನಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಎ2 ಎಂಬ ಅರ್ಜಿ ತುಂಬಬೇಕು, ಹಣ ಷೇರಿನ ಹೂಡಿಕೆಗೆ ಹೋಗುತ್ತಿದೆ ಎಂದು ಸೂಚಿಸುವ ಎಸ್0001 ಎಂಬ ಸಂಕೇತವನ್ನು ಅದರಲ್ಲಿ ನಮೂದಿಸಬೇಕು, 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಇಂಥ ರವಾನೆಯ ಮೇಲೆ ಬ್ಯಾಂಕು ಶೇ 20ರಷ್ಟನ್ನು ಮುಂಗಡ ತೆರಿಗೆಯಂತೆ ಹಿಡಿದುಕೊಳ್ಳುತ್ತದೆ, ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಅನುಮತಿಯಿಲ್ಲದೆ ವಿದೇಶಿ ವಿನಿಮಯ ವಹಿವಾಟು ನಡೆಸುವ ತಾಣಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರಿಂದ ಪ್ರಕಟಿಸುತ್ತಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ತಾಣವೊಂದು ಅಧಿಕೃತವಾಗುವುದಿಲ್ಲ ಎಂಬುದೂ ನೆನಪಿರಲಿ. ಕಂಪನಿಯಿಂದ ವಿದೇಶಿ ಷೇರು ಪಡೆದ ಯುವಕ ಯುವತಿಯರು ಅದನ್ನು ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ಅನುಸೂಚಿಯಲ್ಲಿ ತಪ್ಪದೆ ತೋರಿಸಬೇಕು. ಮರೆಮಾಚಿದರೆ 2015ರ ಕಪ್ಪುಹಣ ಕಾಯ್ದೆಯ ಪ್ರಕಾರ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ರೈತ ಉತ್ಪಾದಕರ ಕಂಪನಿಗಳು, ಸಹಕಾರ ಸಂಘಗಳು, ಕಾಲೇಜುಗಳ ವಾಣಿಜ್ಯ ವಿಭಾಗಗಳು ಈ ವಿಷಯವನ್ನು ಕನ್ನಡದಲ್ಲಿ ಚರ್ಚೆಗೆ ತರಲಿ. ಫಂಡ್‌ಗಳ ಮಿತಿಯನ್ನು ದೇಶದ ವಿದೇಶಿ ವಿನಿಮಯ ಸಂಗ್ರಹದ ಇಂತಿಷ್ಟು ಪಾಲು ಎಂದು ನಿಗದಿಪಡಿಸಿ ಕಾಲಕಾಲಕ್ಕೆ ಪರಿಷ್ಕರಿಸಬೇಕೆಂದು ನಾಗರಿಕರು ತಮ್ಮ ಸಂಸದರಿಗೂ ರಿಸರ್ವ್ ಬ್ಯಾಂಕಿಗೂ ಪತ್ರ ಬರೆಯಬೇಕೆಂದು ಕಳಕಳಿಯ ಮನವಿ.