ಕೊಂಡ ಪಾಠವೂ ಕೊಟ್ಟ ಹಣವೂ

ಕೊಂಡ ಮೇಲೆ ಮನಸ್ಸು ಹಿಂಜರಿದರೆ ಮಾಡತಕ್ಕುದೇನೆಂಬ ಪ್ರಶ್ನೆ ಇಂದು ಹುಟ್ಟಿದುದಲ್ಲ. ನಮ್ಮ ಸ್ಮೃತಿಕಾರರು ನ್ಯಾಯಸ್ಥಾನಕ್ಕೆ ಬರುವ ಹದಿನೆಂಟು ಬಗೆಯ ವ್ಯವಹಾರಗಳಲ್ಲಿ ‘ಕ್ರಯವಿಕ್ರಯಾನುಶಯ’ವನ್ನೂ ಒಂದಾಗಿ ಎಣಿಸಿದ್ದಾರೆ. ಅನುಶಯವೆಂದರೆ ಪಶ್ಚಾತ್ತಾಪ. ಕೊಂಡವನಿಗಾಗಲಿ ಮಾರಿದವನಿಗಾಗಲಿ ಅದು ಉಂಟಾದಲ್ಲಿ 10 ದಿನಗಳೊಳಗೆ ವ್ಯವಹಾರವನ್ನು ಹಿಂದಿರುಗಿಸಬಹುದೆಂದು ಮನುಸ್ಮೃತಿಯು ವಿಧಿಸುತ್ತದೆ. ನಾರದಸ್ಮೃತಿಯು ಇನ್ನೂ ಸೂಕ್ಷ್ಮವಾಗಿ ವಿಚಾರಿಸಿ, ಕರೆಯುವ ಹಸುವಿಗೆ 3 ದಿನ, ಹೊರೆ ಹೊರುವ ಪಶುವಿಗೆ 5 ದಿನ, ಮುತ್ತು ವಜ್ರ ಹವಳಗಳಿಗೆ 7 ದಿನ ಎಂದು ಪರೀಕ್ಷಾಕಾಲವನ್ನು ಗೊತ್ತುಮಾಡಿದೆ. ಪದಾರ್ಥದ ಗುಣವು ತಿಳಿಯಲು ಎಷ್ಟು ಕಾಲ ಬೇಕೋ ಅಷ್ಟು ಅವಕಾಶವು ಕೊಳ್ಳುವವನಿಗಿರಬೇಕೆಂಬುದೇ ಇದರ ತಾತ್ಪರ್ಯ.

ಈಗ ನಮ್ಮ ಮನೆಗಳಿಗೆ ಬಂದಿರುವ ಹೊಸ ಸರಕೆಂದರೆ ಆನ್‌ಲೈನ್ ಪಾಠ. ಹಸುವನ್ನು ಕರೆದು ನೋಡಬಹುದು. ಪಾಠದ ಗುಣವಾದರೋ ಮಗುವು ಕೆಲವು ವಾರ ಕುಳಿತು ಕಲಿತಲ್ಲದೆ ತಿಳಿಯದು. ಹಣವನ್ನು ಮಾತ್ರ ವರ್ಷಕ್ಕೋ ಎರಡು ವರ್ಷಕ್ಕೋ ಮುಂಗಡವಾಗಿಯೇ ಕೇಳುವುದುಂಟು. ಹಿಂದಕ್ಕೆ ಕೊಡುವ ನಿಯಮವಾದರೂ ಒಂದೆಡೆ ಇದ್ದಂತೆ ಮತ್ತೊಂದೆಡೆ ಇರುವುದಿಲ್ಲ. ಒಂದೇ ಸಂಸ್ಥೆಯಲ್ಲಿಯೂ ಇಂದಿದ್ದುದು ನಾಳೆ ಇರುವುದೆಂಬ ಭರವಸೆಯಿಲ್ಲ.

ಇಲ್ಲಿ ಗೃಹಸ್ಥರು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಮೊದಲನೆಯದು, ಪಾಠವು ನೆಟ್ಟಗಿದ್ದೂ ನಮಗೆ ಬೇಡವೆನಿಸುವುದು. ಯೂರೋಪಿನ ಒಕ್ಕೂಟದಲ್ಲಿ ದೂರದಿಂದ ಕೊಂಡವನಿಗೆ 14 ದಿನಗಳ ಅವಕಾಶವನ್ನು 2011ರ ಶಾಸನವೇ ಕೊಟ್ಟಿದೆ. ಆದರೆ ಡಿಜಿಟಲ್ ಪಾಠವನ್ನು ಕೂಡಲೇ ತೆರೆಯಲು ಒಪ್ಪಿ, ಅದರಿಂದ ಹಕ್ಕು ಹೋಗುವುದೆಂದು ಅಂಗೀಕರಿಸಿದರೆ ಆ ಅವಕಾಶವು ತಪ್ಪುತ್ತದೆ. ನಮ್ಮ ದೇಶದಲ್ಲಿ ಎಲ್ಲ ಆನ್‌ಲೈನ್ ಖರೀದಿಗೂ ಅನ್ವಯಿಸುವ ಇಂತಹ ಅವಧಿಯಿಲ್ಲ. ಆದುದರಿಂದ ಮನಸ್ಸು ಬದಲಾದವನಿಗೆ ಮಾರಿದವನ ಕರಾರೇ ಆಧಾರ. ಕೊಂಡ ದಿನದಲ್ಲಿ ಆ ಕರಾರು ಹೇಗಿತ್ತೆಂಬುದೇ ಮುಖ್ಯ. ಕರಾರಿಗೆ ಉಭಯರ ಸಮ್ಮತಿಯೂ ಬೇಕೆಂಬುದು 1872ರ ಕರಾರು ಶಾಸನದ ಮೂಲತತ್ತ್ವ. ಹಣ ಪಡೆದ ಮೇಲೆ ಒಬ್ಬನೇ ತಿದ್ದಿದ ನಿಯಮಕ್ಕೆ ತಲೆಬಾಗುವ ಮೊದಲು ತನ್ನ ಸಮ್ಮತಿ ಎಲ್ಲಿತ್ತೆಂದು ಕೇಳುವುದು ನ್ಯಾಯವೇ ಸರಿ. ಆದರೆ ಹಳೆಯ ನಿಯಮವು ಕೈಯಲ್ಲಿಲ್ಲದಿದ್ದರೆ ಕೇಳುವುದು ಹೇಗೆ? ಹಣ ಕಟ್ಟುವ ದಿನವೇ ಆ ಪುಟದ ಚಿತ್ರವನ್ನೂ ರಸೀದಿಯನ್ನೂ ತೆಗೆದಿಡತಕ್ಕುದು.

ಎರಡನೆಯದು, ಹೇಳಿದ ಪಾಠ ನಡೆಯದಿರುವುದು, ಹೇಳಿದ ಅಧ್ಯಾಪಕರು ಬಾರದಿರುವುದು ಮುಂತಾದ ಲೋಪ. ಇಲ್ಲಿ ಶಾಸನವು ನಮ್ಮ ಪಕ್ಕದಲ್ಲಿದೆ. ಲೋಪವುಳ್ಳ ಸೇವೆಯನ್ನು ನಿಲ್ಲಿಸಿ, ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಣವನ್ನು ಹಿಂದಕ್ಕೆ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರವೆಂದು 2019ರ ಗ್ರಾಹಕ ಸಂರಕ್ಷಣಾ ಶಾಸನವು ಹೇಳುತ್ತದೆ. 2020ರ ಇ-ವಾಣಿಜ್ಯ ನಿಯಮಗಳಂತೆ ದೂರು ಮುಟ್ಟಿತೆಂದು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹಾರ ಮಾಡಬೇಕು. ನಮ್ಮ ಒಪ್ಪಿಗೆಯ ಗುರುತನ್ನು ಮೊದಲೇ ತಾವಾಗಿ ಹಾಕಿಡುವುದೂ ನಿಷಿದ್ಧ.

ಇವೆರಡಕ್ಕಿಂತಲೂ ಭಯಂಕರವಾದುದು ಸಾಲದ ವಿಷಯ. ಶುಲ್ಕದ ಕಂತೆಂದು ತಂದೆತಾಯಿಗಳು ತಿಳಿದುದು, ಬೇರೊಂದು ಹಣಕಾಸಿನ ಸಂಸ್ಥೆಯಿಂದ ಅವರ ಹೆಸರಿನಲ್ಲಿ ತೆಗೆದ ಸಾಲವಾಗಿರಬಹುದು. ಆಗ ಪಾಠ ನಿಂತರೂ ಕಂತು ನಿಲ್ಲದು. ಕೋಪದಿಂದ ಕಂತನ್ನು ನಿಲ್ಲಿಸಿದರೆ ಮುಂದೆ ಮನೆಗೋ ಮದುವೆಗೋ ಸಾಲ ಹುಟ್ಟುವುದು ಕಷ್ಟವಾದೀತು. ಆದಕಾರಣ ಪಾಠದವರಿಗೂ ಸಾಲದವರಿಗೂ ಒಡನೆಯೇ ಬರೆದು ತಿಳಿಸಬೇಕು. ತಾನಾಗಿ ಹಣ ಕಡಿಯುವ ಅನುಮತಿಯ ವಿಷಯದಲ್ಲಿ ಎಚ್ಚರಿಕೆಯಿಂದಿರಬೇಕೆಂದು ಕೇಂದ್ರ ಶಿಕ್ಷಣ ಇಲಾಖೆಯು 2021ರ ಡಿಸೆಂಬರಿನಲ್ಲಿಯೇ ಪೋಷಕರಿಗೆ ಸಲಹೆಯಿತ್ತಿತ್ತು. “ಈ ರಾತ್ರಿಯೊಳಗೆ ಕಟ್ಟಿದರೆ ಮಾತ್ರ ಈ ಬೆಲೆ” ಎಂಬ ಸುಳ್ಳು ಅವಸರವನ್ನು 2023ರ ನವೆಂಬರಿನ ಮಾರ್ಗಸೂಚಿಗಳು ನಿಷಿದ್ಧ ತಂತ್ರಗಳಲ್ಲಿ ಸೇರಿಸಿವೆ.

ದೂರು ಕೊಡುವ ದಾರಿಯೂ ಕಠಿನವಲ್ಲ. ಮೊದಲು ಸಂಸ್ಥೆಗೆ ಬರೆಯಿರಿ. ಫಲಿಸದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಿರಿ. ಅದೂ ಸಾಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗವುಂಟು. ಸಂಸ್ಥೆಯು ಯಾವ ದೂರದ ಊರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕೊಟ್ಟ ಹಣವು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ನೀವೇ ವಾದಿಸಬಹುದು. ವ್ಯಾಜ್ಯಕ್ಕೆ ಕಾರಣವುಂಟಾದಂದಿನಿಂದ 2 ವರ್ಷಗಳೊಳಗೆ ಮಾತ್ರ ಸಲ್ಲಿಸತಕ್ಕುದು.

ಮಗುವಿನ ಓದಿಗೆಂದರೆ ತಂದೆತಾಯಿಗಳು ಬೆಲೆಯನ್ನು ಚರ್ಚಿಸಲು ನಾಚುತ್ತಾರೆ. ಹಿಂದಕ್ಕೆ ಕೇಳುವುದಂತೂ ವಿದ್ಯೆಗೆ ಅಪಚಾರವೆಂದು ಭಾವಿಸುವವರೂ ಉಂಟು. ವಿದ್ಯೆಯು ಪೂಜ್ಯ, ನಿಜ. ಆದರೆ ಅದನ್ನು ಮಾರುವ ಅಂಗಡಿಯು ಅಂಗಡಿಯೇ. ಹಸುವನ್ನು ಕೊಳ್ಳುವಾಗ ತೋರುವ ವಿವೇಕವನ್ನು ಪಾಠ ಕೊಳ್ಳುವಾಗಲೂ ತೋರಿದರೆ ಸರಸ್ವತಿಯು ಮುನಿಯುವುದಿಲ್ಲ.