ಅರಿವು ಮೊದಲು, ಬಳಕೆ ಅನಂತರ

ಬೆಂಗಳೂರಿನ ಜಯನಗರದ ಮಗ್ಗುಲಲ್ಲಿರುವ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅದರಲ್ಲಿ ಬೆಣಚುಕಲ್ಲಿನ ಹರಳುಗಳು ಹೇರಳವಾಗಿವೆ. ಇಂತಹ ಹರಳೊಂದನ್ನು ಕುರಿತು ವರ್ಷಗಟ್ಟಲೆ ಚಿಂತಿಸುವವರನ್ನು ಕಂಡರೆ, “ಇದರಿಂದ ಪ್ರಯೋಜನವೇನು?” ಎಂದು ಲೋಕ ಕೇಳುತ್ತದೆ. ಜನರ ಹಣದಿಂದ ನಡೆಯುವ ಸಂಶೋಧನೆ ಜನರಿಗೆ ಉಪಕಾರವಾಗಲಿ ಎಂಬ ಅಪೇಕ್ಷೆ ನ್ಯಾಯವಾದುದೇ. ಆದರೆ ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳುವುದು ವಿವೇಕವಲ್ಲ. ಹರಳುಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಹರಳಿಗೆ ಸ್ಥಿತಿಸ್ಥಾಪಕ ಗುಣವಿದೆ. ಒತ್ತಿದರೆ ಅದರ ಕಣಗಳು ಕಿಂಚಿತ್ತು ಸರಿಯುತ್ತವೆ; ಬಿಟ್ಟರೆ ಸ್ವಸ್ಥಾನಕ್ಕೆ ಮರಳುತ್ತವೆ. ಬೆಣಚುಕಲ್ಲಿನಲ್ಲಿ ಹೀಗೆ ಸರಿಯುವಾಗ ಧನ ಮತ್ತು ಋಣ ವಿದ್ಯುತ್ತಿನ ಕೇಂದ್ರಗಳು ಅಗಲಿ, ಹರಳಿನ ಮುಖಗಳ ಮೇಲೆ ವಿದ್ಯುತ್ತು ತೋರುತ್ತದೆ. ಒತ್ತು ಎಂಬರ್ಥದ ಗ್ರೀಕ್ ಪದದಿಂದ ಇದಕ್ಕೆ ಪೀಜೋವಿದ್ಯುತ್ತು ಎಂಬ ಹೆಸರು ಬಂದಿದೆ. ಟೂರ್ಮಲೀನ್‌ನಂತಹ ಕೆಲವು ಹರಳುಗಳಲ್ಲಿ ಒತ್ತುವ ಮೊದಲೇ ಈ ಕೇಂದ್ರಗಳು ಅಗಲಿರುತ್ತವೆ. ಅದೇ ಸ್ವಯಂಧ್ರುವೀಕರಣ.

ಜಾಕ್ ಮತ್ತು ಪಿಯರೆ ಕ್ಯೂರಿ ಸಹೋದರರು ಪೀಜೋವಿದ್ಯುತ್ತನ್ನು ಕಂಡುಹಿಡಿದದ್ದು 1880ರಲ್ಲಿ. ಅದು ಬಹುಕಾಲ ಪ್ರಯೋಗಶಾಲೆಯಲ್ಲಿಯೇ ಉಳಿಯಿತು. ಲ್ಯಾಂಜೆವಿನ್ ಎಂಬ ವಿಜ್ಞಾನಿ ಬೆಣಚುಕಲ್ಲನ್ನು ಕಂಪಿಸುವಂತೆ ಮಾಡಿ, ಆ ಅಲೆಗಳಿಂದ ನೀರಿನಡಿಯ ಜಲಾಂತರ್ಗಾಮಿಯನ್ನು ಪತ್ತೆಹಚ್ಚಲು ಯತ್ನಿಸಿದಾಗ 1917 ಬಂದಿತ್ತು.

ನಮ್ಮ ನಾಡಿನ ನಿದರ್ಶನವೂ ಉಂಟು. 573 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಬೆಣಚುಕಲ್ಲು ತನ್ನ ಒಳರಚನೆಯನ್ನು ಬದಲಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಮತ್ತು ನೆಡುಂಗಾಡಿಯವರು ಇದನ್ನು ಪರೀಕ್ಷಿಸಿ, ಶಾಖ ಏರಿದಂತೆ ಹರಳಿನ ಒಂದು ಕಂಪನ ನಿಧಾನವಾಗುತ್ತ ಹೋಗುವುದನ್ನು 1940ರಲ್ಲಿ ವರದಿಮಾಡಿದರು. ಸುಮಾರು ಇಪ್ಪತ್ತು ವರ್ಷಗಳ ಅನಂತರ ಕಾಕ್ರನ್ ಮತ್ತು ಆಂಡರ್ಸನ್ ಎಂಬ ವಿಜ್ಞಾನಿಗಳು, ಸ್ವಯಂಧ್ರುವೀಕರಣ ಹೇಗೆ ತಲೆದೋರುತ್ತದೆಂಬುದನ್ನು ಇಂತಹುದೇ ಕಂಪನದಿಂದ ವಿವರಿಸಿದರು.

ಇಂದು ಜಯನಗರದ ಜಯದೇವ ಹೃದ್ರೋಗ ಸಂಸ್ಥೆಯಂತಹ ಆಸ್ಪತ್ರೆಗಳಲ್ಲಿ ರೋಗಿಯ ಎದೆಗೆ ತಾಗಿಸುವ ಉಪಕರಣದೊಳಗೆ ಪೀಜೋವಿದ್ಯುತ್ ಗುಣದ ತುಣುಕುಗಳಿರುತ್ತವೆ. ವಿದ್ಯುತ್ತಿನಿಂದ ಅವು ಕಂಪಿಸಿ, ಕಿವಿಗೆ ಕೇಳದ ಶಬ್ದವನ್ನು ಹೊರಡಿಸುತ್ತವೆ. ಮರುದನಿ ಬಂದು ತಟ್ಟಿದಾಗ ಅದನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಮಿಡಿಯುವ ಹೃದಯದ ಚಿತ್ರ ಹೀಗೆ ಮೂಡುತ್ತದೆ. ಈ ಯಂತ್ರ ರಾಮನ್ನರ ಶೋಧದ ನೇರ ಫಲವಲ್ಲ, ನಿಜ. ಆದರೆ ಹರಳುಗಳ ಅರಿವೆಂಬ ಹೊಳೆಗೆ ಸೇರಿದ ತೊರೆಗಳಲ್ಲಿ ಅದೂ ಒಂದು. ಯಾವ ತೊರೆಯಿಂದ ಯಾವ ಗದ್ದೆಗೆ ನೀರು ಹರಿದೀತೆಂದು ಮೊದಲೇ ಹೇಳಬಲ್ಲವರು ಯಾರು?

ಬಿತ್ತಿದ ದಿನವೇ ತೆನೆಯನ್ನು ಕೇಳುವ ರೈತನಿಲ್ಲ. ಆದರೆ ತರಗತಿಯಲ್ಲಿ “ಏಕೆ?” ಎಂದು ಕೇಳಿದ ವಿದ್ಯಾರ್ಥಿಗೆ “ಅದು ಪರೀಕ್ಷೆಗೆ ಬರುವುದಿಲ್ಲ” ಎಂದು ಉತ್ತರಿಸುವವರು ನಮ್ಮಲ್ಲಿದ್ದಾರೆ. ಹೀಗೆ ಹೇಳುವುದು ಬಿತ್ತನೆಯ ಬೀಜವನ್ನೇ ಹುರಿದಂತೆ. ನಾಡಿಗೆ ಹೊಸ ಯಂತ್ರಗಳು ಬೇಕಾದರೆ, ಅವುಗಳಿಗೂ ಮೊದಲು ಹುಟ್ಟುವ ಪ್ರಶ್ನೆಗಳನ್ನು ನಾವು ಗೌರವಿಸಬೇಕು.