ನಾಟಿ ಮೂಲಂಗಿಯ ಬೀಜವೂ ಗ್ರಾಮದ ಒಡಂಬಡಿಕೆಯೂ

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಸುತ್ತಣ ಕೆಂಪು ಮರಳುಮಿಶ್ರಿತ ಭೂಮಿಯು ಹೊಗೆಸೊಪ್ಪಿಗೆ ಹೆಸರಾದುದು. ಅದೇ ಸಡಿಲವಾದ ನೆಲವು ಮೂಲಂಗಿಗೂ ಚೆನ್ನಾಗಿ ಒಗ್ಗತಕ್ಕುದೆಂಬುದನ್ನು ಜಮೀನುದಾರರಲ್ಲಿ ಹಲವರು ಗಣನೆಗೆ ತಂದುಕೊಂಡಂತಿಲ್ಲ. ಬಿಗಿಯಾದ ಎರೆಯಲ್ಲಿ ಬೇರು ಸೊಟ್ಟಗಾಗಿ ಕವಲೊಡೆಯುವುದು. ಹಸಿ ಗೊಬ್ಬರ ಹಾಕಿದ ನೆಲದಲ್ಲಿಯೂ ಹಾಗೆಯೇ. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಎರಡಡಿಗೂ ಮೀರಿ ಬೆಳೆಯುವ ನೇವಾರ್ ಮೂಲಂಗಿಯ ಕೀರ್ತಿಗೆ ಅಲ್ಲಿಯ ಆಳವಾದ ಮೆಕ್ಕಲು ಮಣ್ಣೇ ಆಧಾರ. ರುಚಿಯಾದರೋ ಹವೆಯನ್ನೂ ತೇವವನ್ನೂ ಅವಲಂಬಿಸಿದೆ. ಬೇಸಗೆಯಲ್ಲಿ ನೀರು ಸಾಲದೆ ಬೆಳೆದುದು ನಾಲಗೆ ಸುಡುವಷ್ಟು ಖಾರವಾಗುವುದು. ಮಾರ್ಗಶಿರ ಪುಷ್ಯಗಳ ತಂಪಿನಲ್ಲಿ ಎಡೆಬಿಡದೆ ತೇವ ದೊರೆತುದು ಸವಿಯಾಗಿರುವುದು. ಕೀಳಲು ತಡಮಾಡಿದರೆ ಎಂತಹ ಮೂಲಂಗಿಯೂ ಬೆಂಡೇ.

ಹಳೆಯ ನಾಟಿ ಮೂಲಂಗಿಯ ರುಚಿ ಈಗ ಇಲ್ಲವೆಂದು ಹಿರಿಯರು ದೂರುವುದುಂಟು. ಅಂಗಡಿಯ ಸಂಕರಬೀಜದ ಮೇಲೆ ತಪ್ಪು ಹೊರಿಸುವುದು ಸುಲಭ. ದೋಷದ ಬಹುಭಾಗವು ಬೀಜ ಹಿಡಿಯುವ ಕ್ರಮದಲ್ಲಿಯೇ ಇದೆ. ನೀಳವೂ ನುಣುಪೂ ಆದ ಬೇರುಗಳನ್ನೆಲ್ಲ ಕಿತ್ತು ಸಂತೆಗೆ ಕಳುಹಿಸಿ, ಅವಧಿಗೆ ಮುಂಚೆ ತೆನೆಯೆದ್ದ ಪೀಚು ಗಿಡಗಳನ್ನು ಬೀಜಕ್ಕೆ ಬಿಡುವವನು, ಮುಂದಿನ ವರ್ಷ ಅಂತಹ ಗಿಡಗಳನ್ನೇ ಬಿತ್ತುತ್ತಾನೆ. ಇದಕ್ಕೆ ಬದಲಾಗಿ ಉತ್ತಮವಾದ ಐವತ್ತು ಬೇರುಗಳನ್ನು ಕಿತ್ತು ಆರಿಸಿ, ಕೆಳತುದಿಯನ್ನು ಕತ್ತರಿಸಿ, ಸುಳಿಯೆಲೆಗಳನ್ನುಳಿದು ಸೊಪ್ಪನ್ನು ಮೊಟಕುಗೊಳಿಸಿ ಪುನಃ ನೆಡಬೇಕು. ಮೂಲಂಗಿಯ ಹೂವು ತನ್ನ ಗಿಡದ ಪರಾಗದಿಂದ ಸಾಮಾನ್ಯವಾಗಿ ಕಾಯಿಗಟ್ಟದಾದಕಾರಣ ಒಂದೆರಡು ಗಿಡಗಳು ಸಾಲವು.

ಇಷ್ಟು ಎಚ್ಚರಿಕೆ ವಹಿಸಿದರೂ ಒಬ್ಬನೇ ರೈತನಿಂದ ತಳಿಯು ಉಳಿಯಲಾರದು. ನಂಜನಗೂಡಿನ ರಸಬಾಳೆಗೆ 2005-06ನೆಯ ಸಾಲಿನಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು. ಅದರ ಶತ್ರು ಮಣ್ಣಿನಲ್ಲಿರುವ ಪನಾಮಾ ಸೊರಗುರೋಗ. ಮೂಲಂಗಿಗೆ ಕೇಡು ಬರುವುದು ಜೇನ್ನೊಣದ ಕಾಲಿನಲ್ಲಿ. ನೆರೆಯ ಹೊಲದಲ್ಲಿ ಬೇರೆ ತಳಿಯು ಹೂಬಿಟ್ಟಿದ್ದರೆ ಆ ಪರಾಗವು ಬಂದು ಬೀಜವೆಲ್ಲ ಬೆರಕೆಯಾಗುವುದು. ಆದುದರಿಂದಲೇ ದೃಢೀಕೃತ ಬೀಜದ ತಾಕಿಗೆ 1000 ಮೀಟರು, ಮೂಲಬೀಜದ ತಾಕಿಗೆ 1600 ಮೀಟರು ಅಂತರವನ್ನು ವಿಧಿಸಲಾಗಿದೆ. ಸಣ್ಣ ಹಿಡುವಳಿಯ ರೈತನು ಈ ಅಂತರವನ್ನು ಎಲ್ಲಿಂದ ತರಬೇಕು? ಗ್ರಾಮದ ಮುಖಂಡರು ಮನಸ್ಸು ಮಾಡಿದರೆ ಮಾತ್ರ ಇದು ಸಾಧ್ಯ.

ಹಾಗೆಂದು ಹೆಸರಘಟ್ಟದ ಸಂಸ್ಥೆಯ ಅರ್ಕಾ ನಿಶಾಂತ್ ಮೊದಲಾದ ತಳಿಗಳನ್ನಾಗಲಿ, ಸಂಕರ ತಳಿಗಳನ್ನಾಗಲಿ ಯಾರೂ ಬಿಡಬೇಕಾಗಿಲ್ಲ. ಮಾರಾಟದ ಮೂಲಂಗಿಯನ್ನು ಹೂವಿಗೆ ಮುಂಚೆಯೇ ಕೀಳುವುದರಿಂದ ಅದರಿಂದ ಬಾಧಕವಿಲ್ಲ. ಬಾಧಕವಾಗುವುದು ಬೆಲೆಯಿಲ್ಲವೆಂದು ಹೊಲದಲ್ಲಿಯೇ ಬಿಟ್ಟ, ಬದುವಿನಲ್ಲಿ ತಾನಾಗಿ ಎದ್ದ ಗಿಡಗಳಿಂದ. ಇಂತಹವುಗಳನ್ನು ಹೂಬಿಡುವ ಮೊದಲೇ ಕಿತ್ತು ದನಗಳಿಗೆ ಹಾಕತಕ್ಕುದೆಂದು ಊರೊಟ್ಟಿನ ಕಟ್ಟುಪಾಡಾಗಬೇಕು. ಕೂಲಿಯ ನೆವದಿಂದ ಬೆಳೆಯನ್ನು ಹಾಗೆಯೇ ಬಿಡುವವರಲ್ಲಿ ದೊಡ್ಡ ಜಮೀನುದಾರರೂ ಸೇರಿರುವುದರಿಂದ, ಕಟ್ಟುಪಾಡು ಅವರಿಂದಲೇ ಮೊದಲಾಗತಕ್ಕುದು.

ಐವತ್ತು ಬೇರುಗಳನ್ನು ಎರಡೆರಡು ಅಡಿ ಅಂತರದಲ್ಲಿ ನೆಟ್ಟರೂ ಕಾಲು ಗುಂಟೆ ನೆಲ ಸಾಕು. ಆ ಕಾಲು ಗುಂಟೆಯನ್ನು ಯಾರ ಜಮೀನಿನಲ್ಲಿ ಬಿಡತಕ್ಕುದು, ಬಂದ ಬೀಜವನ್ನು ಯಾರಾರಿಗೆ ಹಂಚತಕ್ಕುದು ಎಂಬುದನ್ನು ಬಿತ್ತನೆಗೆ ಮುಂಚೆಯೇ ಊರಿನವರು ಸೇರಿ ಗೊತ್ತುಮಾಡಿಕೊಳ್ಳುವುದು ಯುಕ್ತ.